ಪ್ರಶ್ನೋತ್ತರ: ಮಗು ಹೇಳುತ್ತಿರುವುದು ಏನು? (ಉತ್ತರ: ಗುಂಪಿನ ವಾಕ್ ಚಿಕಿತ್ಸಕಿ)

ಒಂದನೇ ತರಗತಿ ಶಿಕ್ಷಕಿ: ನಮಸ್ತೆ ಮೇಡಂ. "ನೀರು ಬೇಕಾ?" ಅಂತ ಕೇಳಿದರೆ ಒಬ್ಬ ಹುಡುಗ "ನೀರು ಬೇಕಾ" ಅಂತಲೇ ತಿರುಗಿ ಹೇಳುತ್ತಾನೆ. ಅಣಕಿಸುತ್ತಿದ್ದಾನಾ?

ಚಿಕಿತ್ಸಕಿ: ನಮಸ್ತೆ. ಅಣಕವಲ್ಲ, ಎಕೋಲಾಲಿಯಾ (ಕೇಳಿದ ಮಾತನ್ನೇ ತಿರುಗಿ ಹೇಳುವುದು) ಇರಬಹುದು. ಹೇಳುತ್ತಾ ಲೋಟಕ್ಕೆ ಕೈ ಚಾಚಿದರೆ ಅದು 'ಹೌದು'. ಎಲ್ಲೋ ನೋಡುತ್ತಾ ಹೇಳಿದರೆ ಪ್ರಶ್ನೆ ಅರ್ಥವಾಗದೆ ಮಾತಿನ ಸರದಿ ತುಂಬಿದ್ದಾನೆ ಅಷ್ಟೇ. ಪ್ರಶ್ನೆ ಬಿಡಿ. ಲೋಟ ತೋರಿಸಿ "ನೀರು ಬೇಕು" ಅನ್ನಿ. ಅವನು ಅದನ್ನೇ ತಿರುಗಿ ಹೇಳಿದರೂ ಸರಿಯಾದ ವಾಕ್ಯವೇ ಬಾಯಿಗೆ ಬರುತ್ತದೆ.

ಪ್ರೌಢಶಾಲಾ ಶಿಕ್ಷಕ: ಮನೆಯಲ್ಲಿ ಚೆನ್ನಾಗಿ ಮಾತಾಡುವ ಹುಡುಗಿ ತರಗತಿಯಲ್ಲಿ ಬಾಯೇ ಬಿಡುವುದಿಲ್ಲ. ಏನು ಮಾಡಲಿ?

ತಾಯಿ: ಮಗನಿಗೆ 8 ವರ್ಷ, ಮಾತಿಲ್ಲ. 10 ದಿನದಿಂದ ಗಣಿತದ ಹೊತ್ತಿಗೆ ಮಣಿಕಟ್ಟು ಕಚ್ಚಿಕೊಳ್ಳುತ್ತಾನೆ. ಹೊರಗೆ ಕೂರಿಸುತ್ತಾರೆ. ಹೆಚ್ಚಾಗುತ್ತಲೇ ಇದೆ.

ಚಿಕಿತ್ಸಕಿ: ಇದನ್ನು ಮುಂದೂಡಬೇಡಿ ಅಮ್ಮಾ. ಇದ್ದಕ್ಕಿದ್ದಂತೆ ಶುರುವಾಗಿದೆ, ಆದ್ದರಿಂದ ಮೊದಲು ಹಲ್ಲು, ಕಿವಿ, ಹೊಟ್ಟೆ ತೋರಿಸಿ. ನೋವನ್ನು ಹೇಳಲಾಗದ ಮಗು ಹೀಗೂ ಹೇಳುತ್ತದೆ. ಚರ್ಮ ಹರಿದಿದ್ದರೆ ಇವತ್ತೇ ವೈದ್ಯರ ಹತ್ತಿರ ಹೋಗಿ.

ಜೊತೆಗೆ 5 ಶಾಲಾ ದಿನ ದಾಖಲೆ ಇಡಿಸಿ. ಮೂರು ಕಾಲಂ ಸಾಕು: ಮೊದಲು ಏನಾಯಿತು, ಅವನು ಏನು ಮಾಡಿದ, ತಕ್ಷಣ ಏನು ಸಿಕ್ಕಿತು. "ಸಿಟ್ಟಾದ" ಅಂತ ಬರೆಯಬಾರದು. "ಲೆಕ್ಕದ ಹಾಳೆ ಇಟ್ಟರು, ಕಚ್ಚಿಕೊಂಡ, ಹೊರಗೆ ಕಳಿಸಿದರು" ಅಂತ ಬರೆಯಬೇಕು. ಈ ಸಾಲೇ ಮತ್ತೆ ಮತ್ತೆ ಬಂದರೆ ಹೊರಗೆ ಕೂರಿಸುವುದು ಶಿಕ್ಷೆಯಲ್ಲ, ಅವನು ಕೇಳಿದ ಬಿಡುವೇ. ಒಬ್ಬನೇ ಇದ್ದಾಗಲೂ ಕಚ್ಚಿಕೊಂಡರೆ ಕಾರಣ ಬೇರೆ.

ಬಿಡುವೇ ಉದ್ದೇಶ ಅಂತಾದರೆ, ಅದನ್ನೇ ಕೇಳುವ ಸುಲಭ ದಾರಿ ಕಲಿಸಬೇಕು. 1985ರಲ್ಲಿ ಮನೋವಿಜ್ಞಾನಿಗಳಾದ ಕಾರ್ ಮತ್ತು ಡ್ಯುರಾಂಡ್ ತೋರಿಸಿದ್ದೂ ಇದನ್ನೇ. 'ಬಿಡುವು' ಚಿತ್ರದ ಕಾರ್ಡ್ ಮೇಜಿನ ಮೇಲೆ, ಕೈಗೆಟುಕುವಂತೆ ಇರಲಿ. ಹಾಳೆ ಇಟ್ಟ ಕೂಡಲೇ, ಕಚ್ಚುವ ಮೊದಲೇ, ಇನ್ನೊಬ್ಬರು ಹಿಂದಿನಿಂದ ಕೈ ಹಿಡಿದು ಕಾರ್ಡ್ ಕೊಡಿಸಲಿ. ಕೊಟ್ಟ ತಕ್ಷಣ 2 ನಿಮಿಷ ಬಿಡುವು, ಪ್ರತಿ ಸಲವೂ. ಅಭ್ಯಾಸವಾದ ಮೇಲೆ "ಒಂದು ಲೆಕ್ಕ, ಆಮೇಲೆ ಬಿಡುವು".

ಕೆಡುವುದು ಮೂರು ಕಡೆ. ಕಾರ್ಡ್ ಚೀಲದೊಳಗಿರುತ್ತದೆ. "ಈಗ ಬೇಡ" ಅಂದುಬಿಡುತ್ತಾರೆ. ಇಲ್ಲವೇ ಕಚ್ಚಿದ ಮೇಲೆ ಕಾರ್ಡ್ ಕೊಡಿಸುತ್ತಾರೆ, ಆಗ ಮಗು "ಕಚ್ಚು, ಆಮೇಲೆ ಕೊಡು" ಅಂತ ಕಲಿಯುತ್ತದೆ.

ಸದಸ್ಯ 1: ಫಾರ್ವರ್ಡ್: ಸಂವಹನದಲ್ಲಿ 93% ದೇಹಭಾಷೆ! ಕಚ್ಚುವ ಕೈಗೆ ಕಹಿ ಸವರಿ, 3 ದಿನದಲ್ಲಿ ನಿಲ್ಲುತ್ತದೆ!

ಚಿಕಿತ್ಸಕಿ: ದಯವಿಟ್ಟು ಸವರಬೇಡಿ. ಗಾಯ ಉರಿಯುತ್ತದೆ, ಕಣ್ಣಿಗೆ ಹೋಗುತ್ತದೆ, ಬಿಡುವಿನ ಅಗತ್ಯ ಹಾಗೇ ಉಳಿದು ನಾಳೆ ಮಗು ತಲೆಯನ್ನು ಗೋಡೆಗೆ ಬಡಿದುಕೊಳ್ಳಬಹುದು. ಆ 93% ಮನೋವಿಜ್ಞಾನಿ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳದ್ದು: ಮುಖಕ್ಕೆ 55, ದನಿಗೆ 38. ಇಷ್ಟವೋ ಅಲ್ಲವೋ ಎಂಬ ಭಾವನೆಯನ್ನು ಅಳೆದದ್ದು, ಎಲ್ಲ ಸಂವಹನವನ್ನಲ್ಲ.

ಸದಸ್ಯ 2: ಕಾರ್ಡ್ ಕೊಟ್ಟರೆ ಮಾತು ಬರುವುದು ನಿಲ್ಲುವುದಿಲ್ಲವೇ?

ಚಿಕಿತ್ಸಕಿ: ಇಲ್ಲ, ಕಾರ್ಡ್‌ನಿಂದ ಮಾತು ನಿಲ್ಲುವುದಿಲ್ಲ.

ನಿವೃತ್ತ ಶಿಕ್ಷಕ: ಎರಡು ಏಟು ಬಿದ್ದರೆ ಕಾರ್ಡೂ ಬೇಡ, ಕಾಲಮ್ಮೂ ಬೇಡ. ಕಣ್ಣು ತಪ್ಪಿಸುವವರು ಸುಳ್ಳುಗಾರರು, ಅಷ್ಟೂ ಗೊತ್ತಾಗಲ್ಲವೇ?

ವಿಶೇಷ ಶಿಕ್ಷಕಿ: ಸರ್, ಉತ್ತರ ಯೋಚಿಸುವಾಗಲೂ ಮಕ್ಕಳು ಕಣ್ಣು ಬೇರೆಡೆ ತಿರುಗಿಸುತ್ತಾರೆ. ಪ್ರಶ್ನೆ ಕೇಳಿ 3 ಸೆಕೆಂಡ್ ಸುಮ್ಮನಿದ್ದು ನೋಡಿ.

ನಿವೃತ್ತ ಶಿಕ್ಷಕ: 60 ಮಕ್ಕಳ ತರಗತಿಯಲ್ಲಿ ಸೆಕೆಂಡ್ ಎಣಿಸಲು ನೀವೇ ಬನ್ನಿ.

ವಿಶೇಷ ಶಿಕ್ಷಕಿ: ಹೊಡೆಯಲು ಸಮಯ ಸಿಗುತ್ತದೆ, ಕಾಯಲು ಸಿಗುವುದಿಲ್ಲ!

ಸದಸ್ಯ 1: ಇಬ್ಬರೂ ನಿಲ್ಲಿಸಿ. ಮೇಡಂ, ಕಹಿಯ ಬದಲು ಖಾರ?

ಚಿಕಿತ್ಸಕಿ: ಏನನ್ನೂ ಸವರಬೇಡಿ ಅಂದೆನಲ್ಲ! ಇನ್ನೊಂದು ಫಾರ್ವರ್ಡ್ ಬಂದರೆ ಅಡ್ಮಿನ್ ನೋಡಿಕೊಳ್ಳಲಿ.

ಸದಸ್ಯ 3: ಕಾರ್ಡ್ ಬಳಸಿದರೆ ಮಾತು ಕಡಿಮೆಯಾಗುತ್ತದಂತೆ?

ಚಿಕಿತ್ಸಕಿ: ಮೇಲೆ ಓದಿ.

ತಾಯಿ: ನಾಳೆ ಹಲ್ಲಿನ ವೈದ್ಯರಿಗೆ ತೋರಿಸುತ್ತೇನೆ. ದಾಖಲೆಯ ಫೋಟೋ ಇಲ್ಲೇ ಹಾಕಲೇ?

ಚಿಕಿತ್ಸಕಿ: ಇಲ್ಲಿ ಬೇಡಮ್ಮಾ, ಮಗುವಿನ ವಿವರ ಅದು. ನನಗೊಬ್ಬಳಿಗೇ ಕಳಿಸಿ.

ಪ್ರೌಢಶಾಲಾ ಶಿಕ್ಷಕ: ಮೇಡಂ, ಆ ಹುಡುಗಿಯ ವಿಷಯ ಕೇಳಿದ್ದೆ…