ಬೀಗದ ಗುರುತು ಕಂಡರೆ ಸಾಕಾ?

ಚಿಕ್ಕಪ್ಪ (ಫಾರ್ವರ್ಡ್): ಬ್ರೌಸರ್‌ನಲ್ಲಿ ಬೀಗದ ಗುರುತು ಇದ್ದರೆ ನಿಮ್ಮ ಇಮೇಲ್ ಪೂರ್ತಿ ಸುರಕ್ಷಿತ. ಸರ್ಕಾರವೂ ಓದಲು ಸಾಧ್ಯವಿಲ್ಲ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನೋಡಿ, ತಾತನ ಜಮೀನಿನ ಪಾಲುಪಟ್ಟಿ, ಆಧಾರ್ ಎಲ್ಲಾ ಮೇಲ್ ಮಾಡಿ ಅಂದ್ರೆ ಹೆದರ್ತೀರಲ್ಲ.

ನಾನು: ಚಿಕ್ಕಪ್ಪ, ಇದು ಅರ್ಧ ಮಾತ್ರ ನಿಜ. ಆ ಬೀಗ, ಅಂದ್ರೆ ಬೇರೆಯವರಿಗೆ ಓದಲಾಗದಂತೆ ಗುಟ್ಟು ಮಾಡೋ ಎನ್‌ಕ್ರಿಪ್ಷನ್, ನಿಮ್ಮ ಫೋನಿಂದ ಗೂಗಲ್ ಬಾಗಿಲವರೆಗೆ ಅಷ್ಟೇ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ಕಡತಗಳಿಂದ 2013ರ ಅಕ್ಟೋಬರ್‌ನಲ್ಲಿ ಗೊತ್ತಾಗಿದ್ದೇನು? ಎನ್‌ಎಸ್‌ಎ, ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆ ಜಿಸಿಎಚ್‌ಕ್ಯೂ ಎರಡೂ ಸೇರಿ, ಮೇಲ್‌ಗಳನ್ನ ಇಟ್ಟಿರೋ ಗೂಗಲ್, ಯಾಹೂ ಡೇಟಾ ಸೆಂಟರ್‌ಗಳ ನಡುವಿನ ಖಾಸಗಿ ಕೇಬಲ್‌ಗೇ ಕೈ ಹಾಕಿದ್ವು. ಆ ಕಾರ್ಯಾಚರಣೆ ಹೆಸರು ಮಸ್ಕ್ಯುಲರ್. ಮನೆಯೊಳಗಿನ ದಾರಿ ತಾನೇ ಅಂತ ಅಲ್ಲಿ ಬೀಗ ಹಾಕಿರಲಿಲ್ಲ. ಎನ್‌ಎಸ್‌ಎಯವರು ತಮ್ಮ ಕಡತದ ಚಿತ್ರದಲ್ಲಿ ಬೀಗ ಬಿಚ್ಚೋ ಜಾಗಕ್ಕೆ ಬಾಣ ಎಳೆದು ಪಕ್ಕದಲ್ಲಿ ನಗುಮುಖ ಬರೆದಿದ್ರು. ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಅಕ್ಕ: ಕೋರ್ಟ್ ಆರ್ಡರ್ ಬೇಕಲ್ವೇನೋ?

ನಾನು: ಕೋರ್ಟ್ ಒಪ್ಪಿಗೆ ಹಿಡಿದು ಕಂಪನಿಗಳಿಂದಲೇ ಡೇಟಾ ಪಡೆಯೋಕೆ ಪ್ರಿಸಮ್ ಅಂತ ಬೇರೆ ಯೋಜನೆ ಇತ್ತು ಅಕ್ಕ. ಈ ಮಸ್ಕ್ಯುಲರ್ ನಡೆದಿದ್ದು ಅಮೆರಿಕದ ಹೊರಗೆ. ಅಲ್ಲಿ ಕಟ್ಟುನಿಟ್ಟು ಕಮ್ಮಿ.

ಚಿಕ್ಕಪ್ಪ: ನಮ್ಮ ಪಾಲುಪಟ್ಟಿ ಅವರಿಗ್ಯಾಕಯ್ಯಾ? ತಪ್ಪು ಮಾಡದವನಿಗೆ ಏನು ಭಯ?

ನಾನು: ಅವರು ನಿಮ್ಮನ್ನ ಆರಿಸಿ ಓದಲ್ಲ. ಆ ವರ್ಷದ ಜನವರಿಯ ಕಡತದಲ್ಲಿ ಬರೀ 30 ದಿನದ ಲೆಕ್ಕ 18 ಕೋಟಿ ದಾಖಲೆಗೂ ಮೇಲೆ. ಮೊದಲು ಬಾಚೋದು, ಆಮೇಲೆ ಜರಡಿ ಹಿಡಿಯೋದು. ತಪ್ಪು ಮಾಡದವರ ಪತ್ರವೂ ಅದರಲ್ಲಿರುತ್ತೆ.

ಮಾವ: ಹಳೇ ಕಥೆ ಹೇಳಿ ಹೆದರಿಸಬೇಡ. ಗೂಗಲ್ ಆಮೇಲೆ ಒಳಗಿನ ಕೇಬಲ್‌ಗೂ ಎನ್‌ಕ್ರಿಪ್ಷನ್ ಹಾಕ್ತು. 2014ರಲ್ಲಿ ಯಾಹೂನೂ ಹಾಕ್ತು.

ನಾನು: ಒಪ್ಪಿದೆ ಮಾವ, ಅದು ದೊಡ್ಡ ಕೆಲಸವೇ. ಆದ್ರೆ ಕೀಲಿ ಇನ್ನೂ ಕಂಪನಿ ಕೈಲಿದೆ. ನಮ್ಮ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಸೆಕ್ಷನ್ ಹಿಡಿದು ಇಲ್ಲಿನ ಸರ್ಕಾರವೂ ಬಿಚ್ಚಿಕೊಡಿ ಅನ್ನಬಹುದು. ಜಡ್ಜ್ ಸಹಿ ಬೇಡ, ಗೃಹ ಕಾರ್ಯದರ್ಶಿ ಆದೇಶ ಸಾಕು.

ಅತ್ತೆ: ಮತ್ತೆ ಕಳಿಸೋದು ಹೇಗಪ್ಪಾ?

ನಾನು: 1991ರಿಂದ ಪಿಜಿಪಿ ಅನ್ನೋ ಎನ್‌ಕ್ರಿಪ್ಷನ್ ತಂತ್ರಾಂಶ ಇದೆ ಅತ್ತೆ. ಕಳಿಸೋರು ಬೀಗ ಹಾಕಿದ್ರೆ ತೆಗೆಯೋ ಕೀಲಿ ಪಡೆಯೋರ ಹತ್ರ ಮಾತ್ರ. ನಮ್ಮ ಮನೇಲಿ ಎಲ್ರೂ ಅದನ್ನ ಕಲಿಯೋದು ಕಷ್ಟ. ಸದ್ಯಕ್ಕೆ ಪಿಡಿಎಫ್‌ಗೆ ಉದ್ದನೆಯ ಪಾಸ್‌ವರ್ಡ್ ಹಾಕಿ, ಅದನ್ನ ಮೇಲ್‌ನಲ್ಲಿ ಬರೀಬೇಡಿ, ಎದುರಿಗೆ ಸಿಕ್ಕಾಗ ಹೇಳಿ.

ಚಿಕ್ಕಪ್ಪ: ಸರಿ, ಸಂಜೆ ಬಂದು ಹಾಕಿಕೊಡು. ಫಾರ್ವರ್ಡ್ ಮಾತ್ರ ತೆಗೆಯಲ್ಲ, ಬೀಗವೇ ಇಲ್ಲದ ಸೈಟಿಗೆ ಹೋಗೋರಿಗೆ ಉಪಯೋಗ ಆಗುತ್ತೆ.

ನಾನು: ‘ಪೂರ್ತಿ’ ಅನ್ನೋ ಪದ, ಸರ್ಕಾರದ ಸಾಲು ಎರಡನ್ನೂ ತೆಗೆದು ಮತ್ತೆ ಹಾಕಿ ಚಿಕ್ಕಪ್ಪ. ಉಳಿದದ್ದಕ್ಕೆ ನನ್ನ ತಕರಾರಿಲ್ಲ.