ಗಿರ್ನಾರ್ ರೋಪ್‌ವೇ: ಅರ್ಧ ದಿನದ ಪ್ಯಾಕೇಜಿನಲ್ಲಿ ಅವ್ವನಿಗೆ ದತ್ತನ ದರ್ಶನ ಆಗುತ್ತಾ?

ಅಪ್ಪನ ಕೆರೆ ದಂಡೆ (ಕಲಬುರಗಿ)
ಎಲ್ಲರಿಗೂ ಶರಣು. ಜನವರಿಯಲ್ಲಿ ಅಪ್ಪ, ಅವ್ವ, ನಾನು, ನನ್ನ ಹೆಂಡತಿ ಸೋಮನಾಥ, ದ್ವಾರಕೆ ಕಡೆ ಹೊರಟಿದ್ದೇವೆ. ಅವ್ವ ಹುಣ್ಣಿಮೆ ಬಂದರೆ ಗಾಣಗಾಪುರ ತಪ್ಪಿಸುವವಳಲ್ಲ. ಗುಜರಾತಿನ ಗಿರ್ನಾರ್ ಬೆಟ್ಟದ ಮೇಲಿನ ದತ್ತನ ಪಾದುಕೆಗೆ ಒಮ್ಮೆ ಹೋಗಬೇಕು ಅಂತ ಬಹಳ ವರ್ಷದಿಂದ ಹೇಳುತ್ತಿದ್ದಾಳೆ. ವಯಸ್ಸು 66, ಮೊಣಕಾಲು ನೋವಿದೆ. ಒಬ್ಬ ಟ್ರಾವೆಲ್ಸ್‌ನವರು ಜುನಾಗಢದಲ್ಲಿ ಅರ್ಧ ದಿನದ ಟ್ರಿಪ್ ಇದೆ ಅಂದರು. ಬೆಳಿಗ್ಗೆ 8ಕ್ಕೆ ಹೋಟೆಲಿನಿಂದ ಕರೆದೊಯ್ದು, ಗೈಡ್ ಜೊತೆ ರೋಪ್‌ವೇ ಹತ್ತಿಸಿ, ಮೇಲಿನ ನೋಟ ತೋರಿಸಿ, 1 ಗಂಟೆಗೆ ವಾಪಸ್ ಬಿಡುತ್ತಾರಂತೆ. ಚೀಟಿಯಲ್ಲಿ ‘ದತ್ತ ದರ್ಶನ’ ಅಂತಲೂ ಬರೆದಿದ್ದಾರೆ. ಇಷ್ಟು ಹೊತ್ತಿನಲ್ಲಿ ಅದೆಲ್ಲ ಆಗುತ್ತಾ? ಹೋಗಿ ಬಂದವರು ಹೇಳಿ.

ಜೇವರ್ಗಿ ಕ್ರಾಸ್
ಕಣ್ಣು ಮುಚ್ಚಿ ತಗೊಳ್ಳಿ ಅಣ್ಣ. ರೋಪ್‌ವೇ 2020ರ ಅಕ್ಟೋಬರಿನಲ್ಲಿ ಶುರುವಾಯಿತು. ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಏಳೆಂಟು ನಿಮಿಷದಲ್ಲಿ ಅಂಬಾಜಿ ಗುಡಿ ಹತ್ತಿರ ಇಳಿಸುತ್ತದೆ. ಒಂದು ಕ್ಯಾಬಿನ್‌ನಲ್ಲಿ ಎಂಟು ಜನ ಕೂರಬಹುದು. ನೀವು ನಾಲ್ವರು ಆರಾಮಾಗಿ ಕುಳಿತು ಹೋಗಬಹುದು. ಕೆಳಗೆ ಕಾಡು, ಆ ಕಾಡಿನ ನಡುವೆ ಮೆಟ್ಟಿಲಿನ ಸಾಲು, ಅದರ ಮೇಲೆ ಇರುವೆಗಾತ್ರ ಜನ. ನಮ್ಮ ಮನೆಯವರು ಕಿಟಕಿ ಬಿಟ್ಟು ಕಣ್ಣು ತೆಗೆಯಲಿಲ್ಲ. ಹತ್ತಲಾಗದವರಿಗೆ ಇದಕ್ಕಿಂತ ಏನು ಬೇಕು?

ಸಂಗಮದಾಕಿ (ಗಾಣಗಾಪುರ)
ಜೇವರ್ಗಿ ಅಣ್ಣ ಹೇಳಿದ್ದೆಲ್ಲ ನಿಜ. ಆದರೆ ಮುಖ್ಯವಾದದ್ದೇ ಉಳಿದುಹೋಯಿತು. ರೋಪ್‌ವೇ ನಿಲ್ಲುವುದು ಅಂಬಾಜಿಯಲ್ಲಿ. ದತ್ತನ ಪಾದುಕೆ ಇರುವುದು ಅಲ್ಲಲ್ಲ!

ಗಿರ್ನಾರ್ ಅಂದರೆ ಒಂದೇ ಬೆಟ್ಟ ಅಂದುಕೊಳ್ಳಬೇಡಿ. ಶಿಖರಗಳ ಸಾಲು ಅದು. ಒಟ್ಟು ಮೆಟ್ಟಿಲು 9,999 ಅಂತ ಹೇಳುವ ರೂಢಿ. ರೋಪ್‌ವೇ ನಿಮಗೆ ಉಳಿಸಿಕೊಡುವುದು ಅದರಲ್ಲಿ ಹೆಚ್ಚುಕಡಿಮೆ ಅರ್ಧ. ಅಂಬಾಜಿಯಿಂದ ಮುಂದೆ ಗೋರಖನಾಥ ಶಿಖರ ಹತ್ತಬೇಕು. ಗುಜರಾತಿನಲ್ಲೇ ಎತ್ತರದ ಜಾಗ ಅದು. ಅಲ್ಲಿಂದ ಮತ್ತೆ ಸಾಕಷ್ಟು ಇಳಿಯಬೇಕು. ಇಳಿದ ಮೇಲೆ ಎದುರಿಗೆ ದತ್ತ ಶಿಖರ ನೆಟ್ಟಗೆ ನಿಂತಿರುತ್ತದೆ, ಅದನ್ನು ಹತ್ತಬೇಕು. ಬರುವಾಗ ಇದೇ ದಾರಿ. ಹೋಗುವಾಗ ಇಳಿದದ್ದನ್ನೆಲ್ಲ ಬರುವಾಗ ಹತ್ತಲೇಬೇಕು. ಬಹಳ ಜನ ಸೋಲುವುದು ಇಲ್ಲೇ. ಪಾದುಕೆ ನೋಡಿಯಾಯಿತು, ಇನ್ನೇನು ಇಳಿಯುವುದಷ್ಟೇ ಅಂದುಕೊಂಡಿರುತ್ತಾರೆ. ಗೋರಖನಾಥ ಶಿಖರ ಮತ್ತೆ ಎದುರಾಗುತ್ತದೆ.

ಗಟ್ಟಿ ಕಾಲಿನ ಹುಡುಗರಿಗೇ ಅಂಬಾಜಿಯಿಂದ ಹೋಗಿಬರಲು ನಾಲ್ಕು ತಾಸು ಹಿಡಿಯುತ್ತದೆ. ಮೊಣಕಾಲು ನೋವಿನ ಅವ್ವನನ್ನು ಕರೆದುಕೊಂಡು 8ಕ್ಕೆ ಹೊರಟು 1ಕ್ಕೆ ಹೋಟೆಲಿಗೆ ಬರುತ್ತೇವೆ ಅನ್ನುವುದು ಆಗದ ಮಾತು. ಅರ್ಧ ದಿನದ ಟ್ರಿಪ್ ಕೆಟ್ಟದ್ದು ಅನ್ನುತ್ತಿಲ್ಲ ನಾನು. ನೋಟ ನೋಡಲು, ಅಂಬೆಗೆ ಕೈ ಮುಗಿಯಲು ಅದು ಸಾಕು. ಆದರೆ ಅದಕ್ಕೆ ‘ದತ್ತ ದರ್ಶನ’ ಅಂತ ಹೆಸರಿಟ್ಟು ಮಾರಬಾರದು. ದೂರದಿಂದ ಶಿಖರದ ಕಡೆ ಬೆರಳು ತೋರಿಸಿ ‘ಅದೇ ನೋಡಿ ದತ್ತ’ ಅಂದರೆ, ಗಾಣಗಾಪುರದ ನಿರ್ಗುಣ ಪಾದುಕೆ ಮುಂದೆ ಕೂತು ಬೆಳೆದವಳಿಗೆ ಹೇಗಾಗಬೇಡ?

ಜೇವರ್ಗಿ ಕ್ರಾಸ್
ಅಕ್ಕಾ, ಅಲ್ಲಿಂದಲೇ ಕೈ ಮುಗಿದು ಬಂದವರು ಸಾವಿರಾರು ಜನ ಇದ್ದಾರೆ. ದೇವರು ಮೆಟ್ಟಿಲು ಎಣಿಸುತ್ತಾನಾ? ನಮ್ಮ ಅತ್ತೆ ಅಂಬಾಜಿಯಿಂದಲೇ ನಮಸ್ಕಾರ ಮಾಡಿ ಬಂದರು. ಈಗಲೂ ಖುಷಿಯಿಂದ ನೆನೆಯುತ್ತಾರೆ.

ಸಂಗಮದಾಕಿ (ಗಾಣಗಾಪುರ)
ಅವರಿಗೆ ಮೊದಲೇ ಗೊತ್ತಿತ್ತು, ಒಪ್ಪಿಕೊಂಡು ಹೋದರು. ತಪ್ಪೇನಿಲ್ಲ. ಗೊತ್ತಿಲ್ಲದೆ ಹೋಗಿ ಮೇಲೆ ನಿಂತಾಗ ತಿಳಿಯಬಾರದು ಅನ್ನುವುದಷ್ಟೇ ನನ್ನ ಮಾತು.

ಆಳಂದ ಮಾಸ್ತರ
ನನಗೆ ಈ ರೋಪ್‌ವೇಯೇ ಸರಿ ಬರುವುದಿಲ್ಲ. ಯಾತ್ರೆ ಅಂದರೆ ನಡಿಗೆ. ಗಿರ್ನಾರವನ್ನು ಜನ ನಸುಕಿನ ಮೂರು, ನಾಲ್ಕಕ್ಕೆ ಹತ್ತಲು ಶುರು ಮಾಡುತ್ತಾರೆ. ಕೈಯಲ್ಲಿ ಕೋಲು, ಬಾಯಲ್ಲಿ ‘ಜಯ ಗಿರನಾರಿ’. ಬಿಸಿಲು ಏರುವ ಹೊತ್ತಿಗೆ ಅರ್ಧ ಬೆಟ್ಟ ದಾಟಿರುತ್ತಾರೆ. ಎದುರಿಗೆ ಇಳಿದು ಬರುವ ಅಪರಿಚಿತರು ‘ಇನ್ನೇನು ಸ್ವಲ್ಪ’ ಅಂತ ಧೈರ್ಯ ಹೇಳುತ್ತಾರೆ. ಏಳು ನಿಮಿಷದಲ್ಲಿ ಮೇಲೆ ಹೋದವರಿಗೆ ಇದೆಲ್ಲ ಸಿಗುತ್ತದೆಯೇ? ನಮ್ಮ ಕಡೆ ಮೈಲಾಪುರದ ಮಲ್ಲಯ್ಯನ ಗುಡ್ಡಕ್ಕೂ ಜನ ಹತ್ತಿಯೇ ಹೋಗುತ್ತಾರಲ್ಲ. ಸಂಕ್ರಾಂತಿ ಜಾತ್ರೆಯಲ್ಲಿ ಮುದುಕರೂ ಹತ್ತುತ್ತಾರೆ.

ಸೇಡಂ ಸಿಸ್ಟರ್
ಮಾಸ್ತರ, ಮೈಲಾಪುರದ ಗುಡ್ಡಕ್ಕೂ ಗಿರ್ನಾರಕ್ಕೂ ಹೋಲಿಕೆ ಬೇಡ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಮೊಣಕಾಲಿನ ನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಂದೊಂದು ಮೆಟ್ಟಿಲಿಗೂ ಮೈಭಾರವೆಲ್ಲ ಬಗ್ಗಿದ ಮೊಣಕಾಲಿನ ಮೇಲೆ ಬೀಳುತ್ತದೆ. ಸಾವಿರಾರು ಸಲ ಹಾಗೆ ಬಿದ್ದರೆ ರಾತ್ರಿ ಕಾಲು ಮಡಚಲೂ ಆಗುವುದಿಲ್ಲ. ಮುಂದೆ ದ್ವಾರಕೆಗೆ ಹೋಗುವುದು ಹೇಗೆ? ಅವ್ವನವರಿಗೆ ಬಿಪಿ, ಶುಗರ್, ಎದೆನೋವು ಏನಾದರೂ ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ. ಯಾತ್ರೆ ಮಾಡಿದವರು ಆರೋಗ್ಯವಾಗಿ ಮನೆಗೆ ಬರಬೇಕು, ಅಲ್ವಾ?

ಆಳಂದ ಮಾಸ್ತರ
ಸಿಸ್ಟರ್, ಆಗದವರನ್ನು ಎಳೆದುಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ. ಆಗುವವರೂ ಕ್ಯಾಬಿನ್ ಹತ್ತುತ್ತಿದ್ದಾರಲ್ಲ, ಅದು ನನ್ನ ದುಃಖ.

ಬೀದರ ಬುರುಜು
ಇಲ್ಲಿ ಯಾರೂ ಗಾಳಿಯ ಮಾತು ಎತ್ತಲಿಲ್ಲ. ಗಿರ್ನಾರದಲ್ಲಿ ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆ. ಆಗಾಗ ಹೀಗಾಗುತ್ತದೆ. ನಾವು ಹೋದ ದಿನ ಬೆಳಿಗ್ಗೆ ಬಂದ್ ಇತ್ತು. ಕೌಂಟರ್ ಮುಂದೆ ಜನ ಗದ್ದಲ ಮಾಡುತ್ತಿದ್ದರು. ನನಗೆ ಮಾತ್ರ ನಿಲ್ಲಿಸಿದ್ದೇ ಸರಿ ಅನ್ನಿಸಿತು. 2022ರ ಏಪ್ರಿಲ್‌ನಲ್ಲಿ ಜಾರ್ಖಂಡಿನ ತ್ರಿಕೂಟ ಬೆಟ್ಟದ ರೋಪ್‌ವೇಯಲ್ಲಿ ಅವಘಡ ಆಗಿ ಜನ ಇಡೀ ರಾತ್ರಿ ಆಕಾಶದಲ್ಲೇ ಸಿಕ್ಕಿಬಿದ್ದಿದ್ದರು. ವಾಯುಸೇನೆಯ ಹೆಲಿಕಾಪ್ಟರ್ ಬರಬೇಕಾಯಿತು. ಜೀವಗಳೂ ಹೋದವು. ‘ಇವತ್ತು ಬೇಡ’ ಅಂದರೆ ಬೈಯಬಾರದು.

ಗಿರ್ನಾರದ ವ್ಯವಸ್ಥೆ ಹೇಗೆ ಅಂತಲೂ ಹೇಳಿಬಿಡುತ್ತೇನೆ, ವಯಸ್ಸಾದವರಿಗೆ ಉಪಯೋಗ. ಹಗ್ಗ ಸುತ್ತುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ಸ್ಟೇಷನ್ ಒಳಗೆ ಬಂದಾಗ ಕ್ಯಾಬಿನ್ ಹಗ್ಗದ ಹಿಡಿತ ಬಿಟ್ಟು ನಿಧಾನವಾಗಿ ಜರುಗುತ್ತದೆ. ಜರುಗುತ್ತಿರುವಾಗಲೇ ಹತ್ತಬೇಕು. ಬಾಗಿಲು ಮುಚ್ಚಿದ ಮೇಲೆ ಕ್ಯಾಬಿನ್ ಮತ್ತೆ ಹಗ್ಗ ಹಿಡಿದು ಹೊರಗೆ ಹೋಗುತ್ತದೆ. ಆಗ ಸಣ್ಣದೊಂದು ಜಗ್ಗು ಗೊತ್ತಾಗುತ್ತದೆ. ಕಂಬ ದಾಟುವಾಗ ಗಡಗಡ ಸದ್ದು ಬರುತ್ತದೆ, ಆಮೇಲೆ ತೊಟ್ಟಿಲು ತೂಗಿದ ಹಾಗೆ ಸ್ವಲ್ಪ ತೂಗುತ್ತದೆ. ಗಾಬರಿ ಆಗಬೇಕಿಲ್ಲ. ಅವ್ವನನ್ನು ಹತ್ತಿಸುವಾಗ ಒಬ್ಬರು ಮುಂದೆ ಒಳಗೆ ಹೋಗಿ ಕೈ ಕೊಡಿ, ಒಬ್ಬರು ಹಿಂದೆ ಇರಿ. ಅಲ್ಲಿನ ಸಿಬ್ಬಂದಿಗೆ ಮೊದಲೇ ಹೇಳಿದರೆ ಸಹಾಯ ಮಾಡುತ್ತಾರೆ.

ಅಪ್ಪನ ಕೆರೆ ದಂಡೆ (ಕಲಬುರಗಿ)
ಇಷ್ಟೆಲ್ಲ ಆ ಚೀಟಿಯಲ್ಲಿ ಇರಲಿಲ್ಲ. ಮತ್ತೆ ಫೋನ್ ಮಾಡಿ ಕೇಳಿದೆ. ‘ದತ್ತ ಶಿಖರದ ದರ್ಶನ ದೂರದಿಂದ’ ಅಂದರು. ಮೊದಲೇ ಹಾಗೆ ಹೇಳಬಹುದಿತ್ತು. ಸರಿ, ಗೈಡ್ ಬೇಕಾ ಬೇಡವಾ?

ಶಹಾಬಾದ್ ಫರಸಿ
ಮೇಲೆ ಗೈಡ್ ಬೇಡ. ಒಂದೇ ದಾರಿ, ಮೆಟ್ಟಿಲು, ಜನ ಇದ್ದೇ ಇರುತ್ತಾರೆ. ದುಡ್ಡು ದಂಡ.

ಸನ್ನತಿ ಸೀಮೆ (ಚಿತ್ತಾಪುರ)
ಫರಸಿ ಅಣ್ಣ, ಮೇಲೆ ಬೇಡ, ಒಪ್ಪಿದೆ. ಕೆಳಗೆ ಬೇಕು. ಊರಿನಿಂದ ಬೆಟ್ಟದ ಬುಡದ ಭವನಾಥ ತಲೇಟಿಗೆ ಹೋಗುವ ರಸ್ತೆಯಲ್ಲೇ ಅಶೋಕನ ಬಂಡೆ ಇದೆ. ಈಗ ಅದರ ಸುತ್ತ ಕಟ್ಟಡ ಕಟ್ಟಿದ್ದಾರೆ. ಅದರೊಳಗೆ ಆ ದೊಡ್ಡ ಕಪ್ಪು ಬಂಡೆಯ ಮೈಮೇಲೆ ಸಾಲು ಸಾಲು ಬ್ರಾಹ್ಮಿ ಅಕ್ಷರ. ಅಶೋಕನ 14 ಶಾಸನಗಳೂ ಅದರ ಮೇಲಿವೆ. ಅದೇ ಬಂಡೆಯ ಮೇಲೆ ಶಕ ಅರಸ ರುದ್ರದಾಮ ಸುಮಾರು ಕ್ರಿ.ಶ. 150ರಲ್ಲಿ ಬರೆಸಿದ ಸಂಸ್ಕೃತ ಶಾಸನವೂ ಇದೆ. ಸುದರ್ಶನ ಅನ್ನುವ ಕೆರೆಯ ಒಡ್ಡು ಮಳೆಗೆ ಒಡೆದಾಗ ರಿಪೇರಿ ಮಾಡಿಸಿದ ಕಥೆ ಅದು. ಆಮೇಲೆ ಗುಪ್ತರ ಕಾಲದಲ್ಲಿ ಒಡ್ಡು ಮತ್ತೆ ಒಡೆಯಿತು. ಅದನ್ನೂ ಅದೇ ಬಂಡೆಯ ಮೇಲೆ ಬರೆದಿದ್ದಾರೆ.

ನಾವು ಕಲಬುರಗಿ ಜಿಲ್ಲೆಯವರು ಇದನ್ನು ನೋಡದೆ ಬರಬಾರದು. ನಮ್ಮ ಸನ್ನತಿಯಲ್ಲಿ 1986ರಲ್ಲಿ ಕಾಳಮ್ಮನ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತಲ್ಲ. ಅದೇ ಅರಸ ಇಲ್ಲಿ ಭೀಮಾ ದಂಡೆಯಲ್ಲೂ, ಅಲ್ಲಿ ಗಿರ್ನಾರದ ಬುಡದಲ್ಲೂ ಜನರಿಗೆ ಮಾತು ಬರೆಸಿದ್ದಾನೆ. ಗೈಡ್ ಇಲ್ಲದಿದ್ದರೆ ಆಟೋದವನು ಅದರ ಮುಂದೆಯೇ ಹಾದು ರೋಪ್‌ವೇ ಗೇಟಿಗೆ ಬಿಡುತ್ತಾನೆ. ಬಹಳ ಜನಕ್ಕೆ ಹಾಗೇ ಆಗಿದೆ.

ಮಳಖೇಡದವ
ಇನ್ನೊಂದು ಮಾತು ಸೇರಿಸುತ್ತೇನೆ. ಮಳಖೇಡದಲ್ಲಿ ನೇಮಿನಾಥ ಬಸದಿ ನೋಡಿದವರಿಗೆ ಗಿರ್ನಾರ್ ಅಂದರೆ ತೀರ್ಥಂಕರ ನೇಮಿನಾಥರ ಬೆಟ್ಟ. ಅವರು ಮೋಕ್ಷ ಪಡೆದದ್ದು ಅಲ್ಲೇ ಅಂತ ಜೈನರ ನಂಬಿಕೆ. 12ನೇ ಶತಮಾನದ ನೇಮಿನಾಥ ಗುಡಿ, 13ನೇ ಶತಮಾನದ ವಸ್ತುಪಾಲ-ತೇಜಪಾಲರ ಗುಡಿ ಎಲ್ಲ ಅಂಬಾಜಿಗಿಂತ ಕೆಳಗಿವೆ. ರೋಪ್‌ವೇ ಅವುಗಳನ್ನು ದಾಟಿ ಮೇಲೆ ಹೋಗಿಬಿಡುತ್ತದೆ. ನೋಡಬೇಕೆಂದರೆ ಅಂಬಾಜಿಯಿಂದ ಮೆಟ್ಟಿಲು ಇಳಿದು ಬರಬೇಕು. ಅರ್ಧ ದಿನದ ಟ್ರಿಪ್‌ನವರು ಅಲ್ಲಿಗೂ ಕರೆದೊಯ್ಯುವುದಿಲ್ಲ. ನನಗೆ ಕೇಳಿದರೆ, ಹೋಗುವಾಗ ಮಾತ್ರ ರೋಪ್‌ವೇ, ಬರುವಾಗ ಬಸದಿ ನೋಡುತ್ತ ನಡೆದು ಇಳಿಯುವುದು ಒಳ್ಳೆಯದು. ಒಂದು ಕಡೆಯ ಟಿಕೆಟ್ಟೂ ಸಿಗುತ್ತದೆ. ಅವ್ವನವರಿಗೆ ಇದು ಬೇಡ, ನಿಮಗೆ ಮತ್ತು ನಿಮ್ಮ ಮನೆಯವರಿಗೆ ಹೇಳಿದೆ.

ಸುರಪುರ ಹುಡುಗಿ
ಡೋಲಿ ಇದೆಯಲ್ಲ? ಅವ್ವ ಡೋಲಿಯಲ್ಲಿ ಪಾದುಕೆ ತನಕ ಹೋಗಬಹುದು. ಕೆಳಗೆ ತಕ್ಕಡಿ ಇಟ್ಟಿರುತ್ತಾರೆ, ತೂಕ ನೋಡಿ ದರ ಹೇಳುತ್ತಾರೆ. ಆದರೆ ನನಗೆ ಮನಸ್ಸು ಬರುವುದಿಲ್ಲ. ಮನುಷ್ಯರ ಹೆಗಲ ಮೇಲೆ ಕೂತು ದೇವರ ಹತ್ತಿರ ಹೋಗುವುದು ಸರಿಯಾ?

ಸಂಗಮದಾಕಿ (ಗಾಣಗಾಪುರ)
ತಂಗಿ, ನಿನ್ನ ಸಂಕಟ ಅರ್ಥ ಆಗುತ್ತದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅಲ್ಲಿನ ಡೋಲಿಯವರ ಜೊತೆ ಕೂತು ಮಾತಾಡಿದೆ. ರೋಪ್‌ವೇ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿದೆ. ‘ನಮ್ಮ ಮೇಲೆ ಕರುಣೆ ಇದ್ದರೆ ಕೂಡಿ, ದರಕ್ಕೆ ಜಗ್ಗಾಡಬೇಡಿ’ ಅಂದ ಒಬ್ಬ ಹಿರಿಯ. ಅವನ ಹೆಗಲ ಮೇಲಿನ ಚರ್ಮ ಜಡ್ಡುಗಟ್ಟಿತ್ತು. ಆ ಮಾತು ಕೇಳಿದ ಮೇಲೆ ಡೋಲಿ ಬೇಡ ಅಂತ ಯಾರಿಗೂ ಹೇಳುವುದಿಲ್ಲ. ದರ ಮೊದಲೇ ಗಟ್ಟಿ ಮಾಡಿಕೊಳ್ಳಿ, ಹೋಗಿಬರುವ ಎರಡೂ ಸೇರಿ ಅಂತ ಬಿಡಿಸಿ ಕೇಳಿ. ಕಡಿದಾದ ಜಾಗ ಬಂದಾಗ, ಅವ್ವನಿಗೆ ಆದರೆ, ಸ್ವಲ್ಪ ಇಳಿದು ನಡೆಯಲಿ. ಅವರಿಗೂ ಉಸಿರು ತಿರುಗುತ್ತದೆ.

ಸುರಪುರ ಹುಡುಗಿ
ಅಕ್ಕಾ, ನೀವು ಹೇಳಿದ್ದು ಸರಿ ಇರಬಹುದು. ಆದರೂ ನಾನಾದರೆ ಕೂರುವುದಿಲ್ಲ. ಅವರಿಗೆ ಬೇರೆ ಕೆಲಸ ಕೊಡಬೇಕಾದದ್ದು ರೋಪ್‌ವೇ ತಂದವರ ಜವಾಬ್ದಾರಿ.

ಜೇವರ್ಗಿ ಕ್ರಾಸ್
ಈ ಮಾತು ನೂರಕ್ಕೆ ನೂರು ಒಪ್ಪಿದೆ ತಂಗಿ.

ಅಪ್ಪನ ಕೆರೆ ದಂಡೆ (ಕಲಬುರಗಿ)
ನಿನ್ನೆ ರಾತ್ರಿ ಅವ್ವನ ಮುಂದೆ ಎಲ್ಲ ಓದಿ ಹೇಳಿದೆ. ‘ದೂರದಿಂದ ನೋಡುವುದಿದ್ದರೆ ನನಗೆ ಗಾಣಗಾಪುರವೇ ಸಾಕು. ಪಾದುಕೆಗೆ ತಲೆ ಇಡುವುದಿದ್ದರೆ ಕರೆದುಕೊಂಡು ಹೋಗು’ ಅಂದಳು. ಹಾಗಾಗಿ ಅರ್ಧ ದಿನದ ಪ್ಯಾಕೇಜ್ ಬಿಟ್ಟೆವು. ಜುನಾಗಢದಲ್ಲಿ ಎರಡು ರಾತ್ರಿ ಉಳಿಯುತ್ತೇವೆ. ಒಂದು ದಿನ ಗಾಳಿಗೆ ಬಂದ್ ಆದರೂ ಇನ್ನೊಂದು ದಿನ ಇರುತ್ತದೆ. ರೋಪ್‌ವೇಯಲ್ಲಿ ಅಂಬಾಜಿ ತನಕ, ಮುಂದೆ ಅವ್ವನಿಗೆ ಡೋಲಿ. ಅಪ್ಪ ಅಂಬಾಜಿಯಲ್ಲೇ ಕೂರುತ್ತೇನೆ ಅನ್ನುತ್ತಿದ್ದಾರೆ. ಅಶೋಕನ ಬಂಡೆಗೆ ಮಾತ್ರ ಅಲ್ಲೇ ಒಬ್ಬ ಗೈಡ್ ಹುಡುಕುತ್ತೇವೆ. ಇನ್ನೇನಾದರೂ ಇದ್ದರೆ ಹೇಳಿ.

ಬೀದರ ಬುರುಜು
ಕಲಬುರಗಿ ಮೇಲೆ ಹಾದುಹೋಗುವ ಸಿಕಂದರಾಬಾದ್-ರಾಜಕೋಟ್ ಗಾಡಿ ಹಿಡಿಯಿರಿ, ವಯಸ್ಸಾದವರಿಗೆ ಗಾಡಿ ಬದಲಿಸುವ ತಾಪತ್ರಯ ಕಡಿಮೆ. ದಿನಾ ಇರುವುದಿಲ್ಲ, ವಾರ ನೋಡಿಕೊಳ್ಳಿ. ರಾಜಕೋಟದಿಂದ ಜುನಾಗಢ ಸುಮಾರು 100 ಕಿಲೋಮೀಟರ್.

ಸೇಡಂ ಸಿಸ್ಟರ್
ಮೊಣಕಾಲಿಗೆ ಕ್ಯಾಪ್, ಕೈಗೆ ಕೋಲು. ಬೆಟ್ಟದ ಮೇಲೆ ಪ್ಲಾಸ್ಟಿಕ್ ಬಾಟಲಿಗೆ ನಿರ್ಬಂಧ ಇದೆ, ಸ್ಟೀಲ್ ಬಾಟಲಿಯಲ್ಲಿ ನೀರು ತಗೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಶುಗರ್ ಇದ್ದವರು ಹೊಟ್ಟೆ ಖಾಲಿ ಬಿಡಬಾರದು.

ಆಳಂದ ಮಾಸ್ತರ
ಅವ್ವನವರ ಮಾತು ಕೇಳಿ ಸಂತೋಷವಾಯಿತು. ಆದರೆ ತಮ್ಮಾ, ನೀನು ಗಟ್ಟಿ ಇದ್ದೀಯಲ್ಲ. ಅವರನ್ನು ಮೂವರನ್ನೂ ರೋಪ್‌ವೇಯಲ್ಲಿ ಕಳಿಸಿ, ನೀನು ನಸುಕಿನಲ್ಲಿ ಕೆಳಗಿನಿಂದ ಹತ್ತಿ ಅಂಬಾಜಿಯಲ್ಲಿ ಕೂಡಿಕೋ.

ಸಂಗಮದಾಕಿ (ಗಾಣಗಾಪುರ)
ಬೇಡ ಮಾಸ್ತರ. ಕ್ಯಾಬಿನ್ ಹತ್ತಿಸುವಾಗ ಅವ್ವನಿಗೆ ಮಗನ ಕೈ ಬೇಕು. ಅವನು ಇನ್ನೊಮ್ಮೆ ಬಂದು ಹತ್ತಲಿ. ಅಣ್ಣ, ಒಂದು ನೆನಪಿಡಿ. ಮೇಲೆ ಇಳಿದ ಕೂಡಲೇ ಸಂಜೆ ಕೊನೆಯ ಕ್ಯಾಬಿನ್ ಎಷ್ಟಕ್ಕೆ ಅಂತ ಕೌಂಟರಿನಲ್ಲಿ ಕೇಳಿ, ಡೋಲಿಯವರಿಗೂ ಆ ಹೊತ್ತು ಹೇಳಿಬಿಡಿ. ಅದು ತಪ್ಪಿದರೆ ಕತ್ತಲಲ್ಲಿ 5,000 ಮೆಟ್ಟಿಲು ಇಳಿಯಬೇಕಾಗುತ್ತದೆ.