ಪ್ರಶ್ನೋತ್ತರ: ಹದಿನೆಂಟು ತುಂಬದ ಮಕ್ಕಳು ಭಾಷೆ ಕಲಿಯಲು ಹೊರದೇಶಕ್ಕೆ ಹೊರಟರೆ ಯಾವ್ಯಾವ ಕಾಗದ ಬೇಕು?

ಪ್ರಶ್ನೆ (ಪೋಷಕರು, ಕುವೆಂಪುನಗರ, ಮೈಸೂರು): ಮಗನಿಗೆ ಹದಿನಾಲ್ಕೂವರೆ ವರ್ಷ. ಬೇಸಿಗೆ ರಜೆಯಲ್ಲಿ ಶಾಲೆಯವರು ಹದಿನೈದು ದಿನದ ಜರ್ಮನ್ ಕೋರ್ಸಿಗೆ ಜರ್ಮನಿಗೆ ಕರೆದೊಯ್ಯುತ್ತಾರೆ, ಇಬ್ಬರು ಶಿಕ್ಷಕರು ಜೊತೆಗಿರುತ್ತಾರೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. ಅವರಪ್ಪ ದುಬೈನಲ್ಲಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಪಾಸ್‌ಪೋರ್ಟ್-ವೀಸಾ ಸಲಹೆಗಾರರು): ಜನನ ಪ್ರಮಾಣಪತ್ರದಿಂದ, ಅದೂ ಈ ವಾರವೇ. ಹೆಸರಿಲ್ಲದ ನೋಂದಣಿಗೆ ಹೆಸರು ಸೇರಿಸಲು ಮೊದಲ ಒಂದು ವರ್ಷ ಶುಲ್ಕವಿಲ್ಲ, ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶ. ನಿಮಗೆ ಉಳಿದಿರುವುದು ಆರು ತಿಂಗಳು. ಅರ್ಜಿ ಕೊಡಬೇಕಾದ್ದು ಜನನ ನೋಂದಣಿಯಾದ ಊರಲ್ಲಿ, ಈಗ ವಾಸವಿರುವ ಕಡೆ ಅಲ್ಲ. ನಮ್ಮ ಕಡೆ ಮೊದಲ ಹೆರಿಗೆ ತವರಲ್ಲಿ ತಾನೆ? ಹಾಗಾಗಿ ತವರು ನಾಗಮಂಗಲವಾದರೆ ಮೈಸೂರಿನವರ ದಾಖಲೆ ಅಲ್ಲಿರುತ್ತದೆ, ಚೆಲುವಾಂಬ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಂಡ್ಯದವರದ್ದು ಮೈಸೂರಿನಲ್ಲಿರುತ್ತದೆ. ಹಳೆಯದು ಬರೀ ಕನ್ನಡದ ಕೈಬರಹದ ಪ್ರತಿಯಾದರೆ ಇಂಗ್ಲಿಷೂ ಇರುವ ಹೊಸ ಪ್ರತಿ ಕೇಳಿ ಪಡೆಯಿರಿ.

2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಪಾಸ್‌ಪೋರ್ಟ್ ಕಚೇರಿ ಹುಟ್ಟಿದ ದಿನಾಂಕಕ್ಕೆ ಶಾಲಾ ದಾಖಲೆಯನ್ನೂ ಒಪ್ಪುತ್ತದೆ. ಅಷ್ಟಕ್ಕೇ ಸಮಾಧಾನಪಡಬೇಡಿ. ವೀಸಾ ಹಂತದಲ್ಲಿ ಈ ಹುಡುಗನ ತಂದೆತಾಯಿ ನೀವೇ ಎಂದು ತೋರಿಸಲು ಬೇಕಾಗುವುದು ಜನನ ಪ್ರಮಾಣಪತ್ರವೇ.

ಇನ್ನು ಇನಿಷಿಯಲ್ ಕಾಟ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಶಾಲೆಯಲ್ಲಿ ‘ಎಂ. ಎನ್. ಚಿರಾಗ್’ ಅಂತಿದ್ದು, ಎಂ ಅಂದರೆ ಮದ್ದೂರು, ಎನ್ ಅಂದರೆ ನಾಗರಾಜು ಎಂದಿಟ್ಟುಕೊಳ್ಳಿ. ಒಬ್ಬರು ಊರನ್ನು ಸರ್‌ನೇಮ್ ಮಾಡುತ್ತಾರೆ, ಇನ್ನೊಬ್ಬರು ಅಪ್ಪನ ಹೆಸರನ್ನು, ಮತ್ತೊಬ್ಬರು ಕಾಲಂ ಖಾಲಿ ಬಿಡುತ್ತಾರೆ. ಕಾಲಂ ಖಾಲಿ ಬಿಟ್ಟರೆ ಟಿಕೆಟ್ ಬುಕ್ ಮಾಡುವಾಗ ತೊಡಕು. ಹೆಸರು ಚಿರಾಗ್, ಸರ್‌ನೇಮ್ ನಾಗರಾಜು ಎಂದಿಡುವುದು ನನ್ನ ಲೆಕ್ಕದಲ್ಲಿ ವಾಸಿ. ಯಾವುದೇ ಇಡಿ, ಶಾಲಾ ದಾಖಲೆಯನ್ನೂ ಅದಕ್ಕೆ ಹೊಂದಿಸಿ. ಸಿಬಿಎಸ್‌ಇ ಮಕ್ಕಳ ಹೆಸರು ಒಂಬತ್ತನೇ ತರಗತಿಯಲ್ಲೇ ನೋಂದಣಿಯಾಗುತ್ತದೆ, ಆಮೇಲೆ ತಿದ್ದಿಸುವುದು ದೊಡ್ಡ ರಗಳೆ.

ಪ್ರಶ್ನೆ (ಅದೇ ಪೋಷಕರು): ಅಪ್ಪನ ಸಹಿ ಹೇಗೆ? ಪಾಸ್‌ಪೋರ್ಟಿಗೆ ಹದಿನೈದು ತುಂಬುವ ತನಕ ಕಾಯಲೇ?

ಉತ್ತರ (ಸಲಹೆಗಾರರು): ಕಾಯಬೇಡಿ. ಈಗ ಮಾಡಿಸಿದರೆ 36 ಪುಟದ್ದಕ್ಕೆ ₹1,000, ಅವಧಿ 5 ವರ್ಷ ಅಥವಾ 18 ತುಂಬುವ ತನಕ, ಯಾವುದು ಮೊದಲೋ ಅದು. 15 ದಾಟಿದವರಿಗೆ ₹1,500 ಕಟ್ಟಿ 10 ವರ್ಷದ್ದು ಪಡೆಯುವ ಆಯ್ಕೆ ಇದೆ ನಿಜ, ಆದರೆ ಅದಕ್ಕಾಗಿ ವೀಸಾ ಸಮಯ ಕಳೆದುಕೊಳ್ಳುವುದು ಲಾಭವಲ್ಲ.

ಪಾಸ್‌ಪೋರ್ಟಿಗೆ ಬೇಕಾದ್ದು ಅನುಬಂಧ ಡಿ, ತಂದೆತಾಯಿ ಇಬ್ಬರ ಘೋಷಣೆ. ಬಿಳಿ ಹಾಳೆ ಸಾಕು, ನೋಟರಿ ಬೇಡ. ತಂದೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಫಿಡವಿಟ್ ಕಳಿಸಲಿ. ತಂದೆ ಅಥವಾ ತಾಯಿಯ ಒಪ್ಪಿಗೆ ಸಿಗುವಂತೆಯೇ ಇಲ್ಲದಿದ್ದರೆ ಅನುಬಂಧ ಸಿ, ಅದು ಬೇರೆ ದಾರಿ. ನಿಮ್ಮಿಬ್ಬರ ಪಾಸ್‌ಪೋರ್ಟಿನ ಮೂಲ ಪ್ರತಿ ಮತ್ತು ಜೆರಾಕ್ಸ್ ಜೊತೆಗಿರಲಿ. ಪರಸ್ಪರರ ಹೆಸರು ಅದರಲ್ಲಿ ನಮೂದಾಗಿದ್ದರೆ ಪೊಲೀಸ್ ಪರಿಶೀಲನೆ ಸಾಮಾನ್ಯವಾಗಿ ಬರುವುದಿಲ್ಲ. ಇದಕ್ಕೆ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ, 2017ರ ಜನವರಿಯಿಂದ ಮೈಸೂರಿನಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ಪ್ರತಿಕ್ರಿಯೆ (ವಕೀಲರು, ನೋಟರಿ): ಜನ ಎಡವುವುದು ಇಲ್ಲೇ. ಅನುಬಂಧ ಡಿ ಪಾಸ್‌ಪೋರ್ಟಿಗೆ ಮಾತ್ರ, ಪ್ರಯಾಣಕ್ಕೆ ಅದರಿಂದ ಉಪಯೋಗವಿಲ್ಲ. ವೀಸಾಕ್ಕೂ ವಿಮಾನ ನಿಲ್ದಾಣಕ್ಕೂ ಬೇರೆಯೇ ಒಪ್ಪಿಗೆ ಪತ್ರ ಬೇಕು, ಇಂಗ್ಲಿಷಿನಲ್ಲಿ, ನೋಟರಿ ಮಾಡಿಸಿದ್ದು. ಮಗನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಉಳಿಯುವ ವಿಳಾಸ, ಖರ್ಚು ಯಾರದು, ಹುಷಾರಿಲ್ಲದಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಯಾರು, ನಿಮ್ಮ ಫೋನ್, ಇಷ್ಟೂ ಇರಲಿ. ಶಿಕ್ಷಕರಿಬ್ಬರ ಹೆಸರನ್ನೂ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಬರೆಯಿರಿ. ಒಬ್ಬರದ್ದೇ ಬರೆದು, ಕೊನೇ ಗಳಿಗೆಯಲ್ಲಿ ಅವರು ಬರದಿದ್ದರೆ ಪತ್ರವೇ ಕೆಟ್ಟಂತೆ. ದಿನಾಂಕಕ್ಕೆ ಆಚೆ ಈಚೆ ಮೂರು ದಿನ ಬಿಡಿ, ವಿಮಾನ ಒಂದು ದಿನ ತಡವಾದರೂ ಪತ್ರ ನಿಲ್ಲುತ್ತದೆ. ದುಬೈನಲ್ಲಿರುವವರ ಸಹಿಯನ್ನು ಇಲ್ಲಿ ನೋಟರಿ ಮಾಡಲಾಗದು, ನನ್ನೆದುರು ಹಾಕಿದ ಸಹಿಗೆ ಮಾತ್ರ ನಾನು ಮುದ್ರೆ ಒತ್ತುವುದು. ಅವರು ಕಾನ್ಸುಲೇಟಿಗೆ ಹೋದಾಗ ಎರಡೂ ಕಾಗದ ಒಟ್ಟಿಗೇ ಮುಗಿಸಲಿ ಎನ್ನಲು ಪಾಸ್‌ಪೋರ್ಟ್ ಸಂಖ್ಯೆ ಇನ್ನೂ ಬಂದಿರುವುದಿಲ್ಲ. ಎರಡು ಸಲ ಹೋಗಲೇಬೇಕು.

ಉತ್ತರ (ಸಲಹೆಗಾರರು): ವೀಸಾ ವಿಷಯ ಬೇಗ ಮುಗಿಸುತ್ತೇನೆ. ಷೆಂಗೆನ್ (ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಕೊಡಬಹುದು, ಕಡೇಪಕ್ಷ 15 ದಿನ ಮುಂಚೆ ಕೊಟ್ಟಿರಬೇಕು. ಅರ್ಜಿಗೆ ಪೋಷಕರ ಸಹಿ ಬೇಕು. ವಿಮೆ €30,000ಕ್ಕೆ ಕಡಿಮೆಯಿಲ್ಲದಂತೆ. 12 ತುಂಬಿದವರು ಬೆರಳಚ್ಚು ಕೊಡಬೇಕು. ವೀಸಾ ಶುಲ್ಕ €90, ಆದರೆ ವ್ಯಾಸಂಗಕ್ಕೆ ಹೋಗುವ ಶಾಲಾ ಮಕ್ಕಳಿಗೂ ಜೊತೆಯ ಶಿಕ್ಷಕರಿಗೂ ಅದು ಮಾಫಿ, ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಉಳಿಯುತ್ತದೆ. ಆದ್ದರಿಂದ ಮುಖ್ಯೋಪಾಧ್ಯಾಯರ ಪತ್ರದಲ್ಲಿ ಪ್ರವಾಸ ಎಂದು ಬರೆಸಬೇಡಿ, ಭಾಷಾ ಕೋರ್ಸ್ ಎಂದೇ ಬರೆಸಿ. ಅಪೋಸ್ಟಿಲ್ (ನಮ್ಮ ಕಾಗದವನ್ನು ಹೊರದೇಶದವರು ಒಪ್ಪಲೆಂದು ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪಿಸಿತು, ಹಾಗಾಗಿ ಅವೆರಡರ ನಡುವೆ ಅದು ನಡೆಯುವುದಿಲ್ಲ.

ಪ್ರಶ್ನೆ (ಪೋಷಕರು, ಮಂಡ್ಯ): ಮಗಳಿಗೆ 15. ಆರು ವಾರ ಇಂಗ್ಲಿಷ್ ಕೋರ್ಸಿಗೆ ಇಂಗ್ಲೆಂಡಿಗೆ, ಅಲ್ಲಿನ ಒಂದು ಕುಟುಂಬದ ಮನೆಯಲ್ಲಿ ವಾಸ. ಇದೇ ಕಾಗದಗಳು ಸಾಕೇ?

ಉತ್ತರ (ಸಲಹೆಗಾರರು): ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರ ಅವೇ. ಆರು ತಿಂಗಳವರೆಗಿನ ಕೋರ್ಸಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ನಡೆಯುತ್ತದೆ, ಸಂಸ್ಥೆ ಮಾನ್ಯತೆ ಪಡೆದಿರಬೇಕು. ಅರ್ಜಿ ಪ್ರಯಾಣಕ್ಕೆ 3 ತಿಂಗಳ ಒಳಗೆ. ಒಂಟಿಯಾಗಿ ಹೋಗುತ್ತಾಳೋ ದೊಡ್ಡವರ ಜೊತೆಗೋ ಎಂಬುದನ್ನು ಯೋಚಿಸಿ ತುಂಬಿ. ‘ಜೊತೆಗೆ’ ಎಂದರೆ ಆ ವ್ಯಕ್ತಿಯ ಗುರುತು ವೀಸಾಕ್ಕೆ ಅಂಟಿಕೊಳ್ಳುತ್ತದೆ, ಚಿಕ್ಕಪ್ಪನ ಬದಲು ಅತ್ತೆ ಜೊತೆ ಹೋದರೆ ಅಲ್ಲಿ ತಡೆಯಬಹುದು.

ಇನ್ನೊಂದು, ಇದು ಬಹಳ ಜನರಿಗೆ ಗೊತ್ತಿಲ್ಲ. 16 ತುಂಬದ ಮಗು ಹತ್ತಿರದ ನೆಂಟರಲ್ಲದವರ ಮನೆಯಲ್ಲಿ 28 ದಿನ ಅಥವಾ ಹೆಚ್ಚು ಇದ್ದರೆ ಅಲ್ಲಿ ಅದು ಖಾಸಗಿ ಪೋಷಣೆ ಎನಿಸುತ್ತದೆ. ಆರು ವಾರ ಮೊದಲೇ ಸ್ಥಳೀಯ ಕೌನ್ಸಿಲಿಗೆ ತಿಳಿಸಬೇಕು. ನಿಮ್ಮದು 42 ದಿನ. ಯಾರು ತಿಳಿಸುತ್ತಾರೆ ಎಂದು ಭಾಷಾ ಶಾಲೆಗೆ ಇಂದೇ ಇಮೇಲ್ ಮಾಡಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ವೀಸಾ ಫೈಲಿಗೆ ಸೇರಿಸಿ.